ಸೇತುವೆ ಮೇಲ್ಗಡೆಯ ದನಿ

ಅಬರ್‌ಕ್ರಾವ್,
ಫೆಬ್ರುವರಿ 9, ಭಾನುವಾರ

ನನ್ನ ಮುದ್ದು ರೋನ್ವೆನ್,

ಲಕೋಟೆ ಒಡೆದವಳೇ ಮತ್ತೊಮ್ಮೆ ಹಿಂದೆ ತಿರುಗಿಸಿ, ಇದು ಯಾರದೆಂದು ನೋಡಿರುತ್ತೀಯ. ನನ್ನದೇ. ನಿನ್ನ ಅಮ್ಮ ಇದುವರೆಗೆ ನಿನಗೆ ಬರೆದ ಪತ್ರ, ಹುಟ್ಟುಹಬ್ಬದ ಕಾರ್ಡು, ಫ್ರಿಜ್ಜಿಗೆ ಅಂಟಿಸಿದ ಚೀಟಿ ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಇದೊಂದು ನಮ್ಮ ವೇಲ್ಸಿನ ಮಾತಿನಲ್ಲಿ, ವೆಲ್ಷಿನಲ್ಲಿದೆ. ನಿಘಂಟು ಕಪಾಟಿನಲ್ಲೇ ಇದೆ, ತೆಗೆದಿಲ್ಲ. ತಪ್ಪು ಕಂಡರೆ ನಿನ್ನ ವೆಲ್ಷ್ ಕ್ಲಾಸಿನ ಮೇಷ್ಟ್ರ ಹಾಗೆ ಕೆಂಪು ಪೆನ್ನು ಹಿಡಿಯಬೇಡ.

ಕ್ರಿಸ್‌ಮಸ್ಸಿನ ಊಟದಿಂದಲೇ ಶುರು ಮಾಡುತ್ತೇನೆ. ನೀನು ನನ್ನೊಡನೆ ಮಾತು ಕಡಿಮೆ ಮಾಡಿದ್ದು ಅಲ್ಲಿಂದ. ಉತ್ತರ ವೇಲ್ಸಿನ ಬೆಥೆಸ್ಡಾದ ನಿನ್ನ ಅತ್ತೆ ಮೆನ್ನಾರ ಮನೆಯಲ್ಲಿ ಎಲ್ಲರೂ ವೆಲ್ಷಿನಲ್ಲಿ ಹರಟುತ್ತಿದ್ದರು. ನೀನೂ ಅವರ ಸಮಕ್ಕೆ, ಅದೇ ಉತ್ತರದವರ ಗಂಟಲಿನಲ್ಲಿ ಮಾತಾಡುತ್ತಿದ್ದೆ. ನಾನು ಆಲೂಗಡ್ಡೆ ಕೇಳಲು ನಮ್ಮ ದಕ್ಷಿಣದ ಕಡೆಯ ಒಂದು ಮಾತು ಆಡಿದೆ, ಅಷ್ಟೆ. ಮೆನ್ನಾ ಒಂದು ಗಳಿಗೆ ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ ಇಂಗ್ಲಿಷಿಗೆ ತಿರುಗಿದರು. ಮರ್ಯಾದೆಗೆ ನಾನೂ ತಿರುಗಿದೆ. ಎರಡು ನಿಮಿಷದಲ್ಲಿ ಇಡೀ ಮೇಜು ಇಂಗ್ಲಿಷಾಯಿತು. ಒಂಬತ್ತು ಜನ ವೆಲ್ಷ್ ಬಲ್ಲವರು ಕೂತು, ಒಬ್ಬರಿಗೆ ತೊಂದರೆಯಾದೀತೆಂದು ಒಬ್ಬರು ಅದನ್ನು ನುಂಗಿಕೊಂಡೆವು. ನಮ್ಮವರ ಈ ಸೌಜನ್ಯಕ್ಕಿಷ್ಟು ಬೆಂಕಿ ಹಾಕಬೇಕು.

ಪಾತ್ರೆ ಒರೆಸುವಾಗ ನೀನು ಕೇಳಿದೆ: "ಮಾರ್ಚಲ್ಲಿ ಮಗು ಬರುತ್ತೆ ಅಮ್ಮ. ಅದರ ಹತ್ರನೂ ನೀನು ಇಂಗ್ಲಿಷಲ್ಲೇ ಮಾತಾಡ್ತೀಯಾ?"

"ನನಗೆ ಅದೇ ಒಗ್ಗಿದೆ ಬಿಡು," ಎಂದೆ.

"ಹಾಗಾದ್ರೆ ಹೆರಿಗೆಗೆ ಅಂತ ನೀನು ಅಷ್ಟು ದೂರದಿಂದ ಬರೋದು ಬೇಡ. ಮೆನ್ನಾ ಇದ್ದಾರೆ," ಎಂದೆ ನೀನು.

ಕಾರಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಆ ಮಾತು ಎದೆಯಲ್ಲಿ ಕೂತಿತ್ತು. ಮೂರು ವರ್ಷದ ಹಿಂದೆ, ಕ್ಲಾಸಿಗೆ ಸೇರಿದ ಹೊಸದರಲ್ಲಿ, ನೀನು ಮೊದಲ ಸಲ ವೆಲ್ಷಿನಲ್ಲಿ ಫೋನು ಮಾಡಿ "ಹೇಗಿದ್ದೀಯ?" ಎಂದು ಕೇಳಿದ್ದೆ. ನಾನು ಇಂಗ್ಲಿಷಿನಲ್ಲಿ ಚೆನ್ನಾಗಿದ್ದೇನೆ ಎಂದಿದ್ದೆ. ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಅದನ್ನು ನಿನಗೆ ಹೇಳಿರಲಿಲ್ಲ.

ನನಗೆ ಹನ್ನೊಂದು ವರ್ಷವಿದ್ದಾಗ ನಮ್ಮೂರ ಪ್ರಾರ್ಥನಾಮಂದಿರ ಚಾಪೆಲ್ಲಿನ ಐಸ್ಟೆಡ್‌ವೊಡ್ ಎಂಬ ಹಾಡು-ಪದ್ಯಗಳ ಹಬ್ಬದಲ್ಲಿ ಪದ್ಯ ಹೇಳುವ ಸ್ಪರ್ಧೆಗೆ ನಿಂತಿದ್ದೆ. ಬೇರೆ ಊರಿನವರು ಗ ಎನ್ನುವ ಕಡೆ ನಮ್ಮ ಕಣಿವೆಯಲ್ಲಿ ಕ, ದ ಎನ್ನುವ ಕಡೆ ತ ಅನ್ನುತ್ತೇವೆ. ಕಲ್ಲಿದ್ದಲು ಅಗೆಯುವವರ ಬಾಯಿ, ಗಟ್ಟಿ. ಹೊರಗಿನಿಂದ ಬಂದ ತೀರ್ಪುಗಾರ ವೇದಿಕೆ ಹತ್ತಿ, "ಹುಡುಗಿ ಚೆನ್ನಾಗಿ ಹೇಳಿದಳು, ನಾಲಿಗೆಗೆ ಮಾತ್ರ ಸ್ವಲ್ಪ ಸೋಪು ಹಚ್ಚಬೇಕು," ಎಂದ. ಜನ ನಕ್ಕರು. ನನ್ನ ಅಮ್ಮನೂ ನಕ್ಕಳು. ಅಂದಿನಿಂದ ನನ್ನ ವೆಲ್ಷ್ ಅಡುಗೆಮನೆಗೆ ಮಾತ್ರ ಲಾಯಕ್ಕು, ನಾಲ್ಕು ಜನರ ಮುಂದೆ ಬೇಡ ಎಂದು ತೀರ್ಮಾನಿಸಿಬಿಟ್ಟೆ.

ಈಗ ಹೋದ ತಿಂಗಳ ವಿಷಯಕ್ಕೆ ಬರುತ್ತೇನೆ. ನಾವು ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಕಣಿವೆಯ ಮಾಸಪತ್ರಿಕೆ ಮಡಚಲು ಸೇರುತ್ತೇವಲ್ಲ, ಮಡಚಿ ಮುಗಿದ ಮೇಲೆ ಕಣ್ಣು ಕಾಣದವರಿಗಾಗಿ ಅದನ್ನು ಓದಿ ಧ್ವನಿಮುದ್ರಿಸುತ್ತಾರೆ. ಯಾವಾಗಲೂ ಓದುತ್ತಿದ್ದ ನಿವೃತ್ತ ಹೆಡ್ಮಾಸ್ಟರಿಗೆ ಗಂಟಲು ಕಟ್ಟಿತ್ತು. ಅಂಟು, ಕಾಗದ, ಚಹಾ ಎಂದು ಓಡಾಡಿಕೊಂಡಿದ್ದ ನನ್ನನ್ನು ಎಲ್ಲರೂ ಸೇರಿ ಮೈಕಿನ ಮುಂದೆ ತಳ್ಳಿದರು. ಮೊದಲ ಪುಟವನ್ನು ನಾನು ಭಾನುವಾರದ ಪಾದ್ರಿಯ ಪ್ರವಚನದ ದನಿಯಲ್ಲಿ ಓದಿದೆ, ಒಂದೊಂದು ಅಕ್ಷರಕ್ಕೂ ಇಸ್ತ್ರಿ ಹಾಕಿ. ಆಮೇಲೆ ಸಾವಿನ ಸುದ್ದಿಗಳು ಬಂದವು. ಮೂರನೆಯ ಹೆಸರು ಪಕ್ಕದ ಮನೆಯ ಮೇಟಿಯದು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಸೇಬಿನ ಕಡುಬು ಮಾಡಿದಾಗೆಲ್ಲ ಅರ್ಧ ನನ್ನ ಬಾಗಿಲಿಗೆ ತರುತ್ತಿದ್ದವಳು. ಅವಳ ಹೆಸರನ್ನು ಎರವಲು ದನಿಯಲ್ಲಿ ಓದಲು ಆಗಲಿಲ್ಲ. ನಾನು ಅವಳನ್ನು ಗೋಡೆಯಾಚೆಯಿಂದ ಹೇಗೆ ಕೂಗುತ್ತಿದ್ದೆನೋ ಹಾಗೆಯೇ ಬಂತು. ಅಲ್ಲಿಂದ ಕೊನೆಯ ಪುಟದವರೆಗೆ ಹಾಗೆಯೇ ಓದಿದೆ.

ಮೂರು ದಿನ ಬಿಟ್ಟು ಒಂದು ಫೋನು ಬಂತು. ಗಣಿಯಲ್ಲಿದ್ದ ಹ್ಯಾಂಡೆಲ್, ಎಂಬತ್ತೆಂಟು ವಯಸ್ಸು, ಹದಿನೈದು ವರ್ಷದಿಂದ ಕಣ್ಣಿಲ್ಲ.

"ಮೊದಲನೇ ಪುಟ ಓದಿದ ಆ ಪಾದ್ರಿ ಯಾರಮ್ಮ?" ಎಂದ.

"ಪಾದ್ರಿ ಯಾರೂ ಇಲ್ಲ. ಪೂರ್ತಿ ನಾನೇ ಓದಿದ್ದು."

"ಸುಮ್ನಿರು. ಯಾವನೋ ಪಾದ್ರಿ ಓದಿದ, ನಂಗೆ ತೂಕಡಿಕೆ ಬಂತು. ಆಮೇಲೆ ನೀನು ಬಂದೆ, ಎದ್ದು ಕೂತೆ. ನೀನು ರೈಲು ಸೇತುವೆ ಮೇಲ್ಗಡೆಯವಳು ತಾನೇ? ಕೆಳಗಡೆಯವರು ಆ ಥರ ಮಾತು ಎಳೆಯಲ್ಲ."

ಸೇತುವೆಯ ಮೇಲ್ಗಡೆ ಇರುವುದು ಎರಡೇ ಬೀದಿ, ರೋನ್ವೆನ್. ನಾನು ಹುಟ್ಟಿದ ಜಾಗವನ್ನೂ ಮುದುಕ ಹೇಳಿಬಿಟ್ಟ. ಸೋಪು ಹಚ್ಚಬೇಕು ಅನಿಸಿಕೊಂಡ ದನಿಯಲ್ಲಿ ಒಬ್ಬನಿಗೆ ಮನೆಯ ಬಾಗಿಲು ಕಾಣುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

"ಹಾಗೆ ಮಾತಾಡೋರು ಇನ್ನೆಷ್ಟು ಜನ ಉಳಿದಿದ್ದೀರಿ?" ಎಂದು ಕೇಳಿದ.

ಬೆರಳು ಮಡಚಿ ಎಣಿಸಿದೆ. ಆರು ಜನ. ಎಲ್ಲರೂ ಪಿಂಚಣಿಯವರು. ಏಳನೆಯವಳು ನೀನಾಗಬೇಕಿತ್ತು. ಅವನಿಗೆ ಹಾಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

"ಮುಂದಿನ ತಿಂಗಳು ಪಾದ್ರೀನ ಮನೇಲೇ ಬಿಟ್ಟು ಬಾ. ಹಾಂ, ರಗ್ಬಿ ಸ್ಕೋರು ನುಂಗಿಬಿಟ್ಟಿದ್ದೀಯ, ಸರಿಯಾಗಿ ಓದು," ಎಂದು ಗದರಿ ಫೋನಿಟ್ಟ.

ಇನ್ನೊಂದು ಮಾತು ಇದೆ, ಬರೆಯಲು ಕೈ ಬರುತ್ತಿಲ್ಲ. ಚಿಕ್ಕವಳಿದ್ದಾಗ ನೀನು, "ನಾನ್ಯಾಕೆ ವೆಲ್ಷ್ ಶಾಲೆಗೆ ಹೋಗ್ಲಿಲ್ಲ? ನೀನ್ಯಾಕೆ ನನಗೆ ಕಲಿಸ್ಲಿಲ್ಲ?" ಎಂದು ಕೇಳಿದಾಗೆಲ್ಲ, "ಅಪ್ಪನಿಗೆ ಬೇಡವಾಗಿತ್ತು, ಅವರು ಬ್ಯಾರಿ ಅನ್ನೋ ಬಂದರು ಊರಿನವರು, ಅಲ್ಲಿ ಬರೀ ಇಂಗ್ಲಿಷು, ಅವರಿಗೆ ವೆಲ್ಷ್ ಬರ್ತಿರಲಿಲ್ಲ," ಎನ್ನುತ್ತಿದ್ದೆ. ಅದು ಸುಳ್ಳು. ಬೇಡವಾಗಿದ್ದು ನನಗೆ. ನನ್ನ ನಾಲಿಗೆ ನಿನಗೆ ಬರಬಾರದು ಎಂದುಕೊಂಡೆ. ನಿನ್ನ ಅಪ್ಪ ಡೆಸ್ ತೀರಿಕೊಂಡು ಎಂಟು ವರ್ಷವಾಯಿತು, ಸತ್ತವರ ಮೇಲೆ ಹಾಕಿದರೆ ಕೇಳುವವರಿಲ್ಲ ಎಂದು ಸುಮ್ಮನಿದ್ದೆ. ಕ್ಷಮಿಸು.

ನಿನ್ನೆ ಧೈರ್ಯ ಮಾಡಿ ಮೆನ್ನಾಗೆ ಫೋನು ಮಾಡಿದೆ, ನನ್ನ ವೆಲ್ಷಿನಲ್ಲೇ. ಆ ದಿನ ಯಾಕೆ ಇಂಗ್ಲಿಷಿಗೆ ತಿರುಗಿದಿರಿ ಎಂದು ಕೇಳಿಯೇಬಿಟ್ಟೆ. "ದಕ್ಷಿಣದೋರಿಗೆ ನಮ್ಮ ಮಾತು ಬಾಯಲ್ಲಿ ಜಲ್ಲಿಕಲ್ಲು ಇಟ್ಕೊಂಡ ಹಾಗೆ ಕೇಳುತ್ತಂತಲ್ಲ, ನೀವು ನಗ್ತೀರಿ ಅಂತ ಭಯ ಆಯ್ತು," ಎಂದರು. ನನಗೂ ಭಯ, ಅವರಿಗೂ ಭಯವಂತೆ. ನಲವತ್ತು ನಿಮಿಷ ಮಾತಾಡಿದೆವು. ಹದಿನೈದು ಸಲವಾದರೂ "ಏನಂದ್ರಿ?" ಎಂದು ಕೇಳಿರಬೇಕು ಇಬ್ಬರೂ. ಇಂಗ್ಲಿಷಿಗೆ ಮಾತ್ರ ಇಳಿಯಲಿಲ್ಲ.

ನಾನು ಮಾರ್ಚಿನಲ್ಲಿ ಬರಲೇ? ನೀನು ಹೂಂ ಎಂದರೆ ಮಾತ್ರ ಬರುತ್ತೇನೆ. ನಿನ್ನ ಮಗುವಿಗೆ ಮೆನ್ನಾ ಉತ್ತರದ ಅಜ್ಜಿಯಾಗಿ 'ನೈನ್' ಆಗಲಿ, ನಾನು ದಕ್ಷಿಣದವಳು, 'ಮಾಮ್‌ಗೀ' ಆಗುತ್ತೇನೆ. ಎರಡು ದನಿ ಕೇಳಿ ಬೆಳೆದರೆ ಮಗುವೇನೂ ಕೆಡುವುದಿಲ್ಲ. ಸೇತುವೆ ಮೇಲ್ಗಡೆಯ ದನಿಗೆ ಏಳನೆಯವರಾಗಿ ಅದಾದರೂ ಇರಲಿ.

ಉತ್ತರವನ್ನು ನಿನ್ನ ಉತ್ತರದವರ ವೆಲ್ಷಿನಲ್ಲೇ ಬರೆ. ಅರ್ಥವಾಗದಿದ್ದರೆ ಎರಡು ಸಲ ಓದುತ್ತೇನೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಗ್ಲೆನಿಸ್

ಮರೆತ ಮಾತು: ಮರೆತದ್ದಲ್ಲ, ಮುಂದೂಡುತ್ತ ಬಂದದ್ದು. ಪತ್ರದ ಜೊತೆ ಒಂದು ನೀಲಿ ನೋಟ್‌ಬುಕ್ ಇಟ್ಟಿದ್ದೇನೆ. ಅಪ್ಪನದು. ನೀನು ಹೊಟ್ಟೆಯಲ್ಲಿದ್ದಾಗ ನನಗೆ ಹೇಳದೆ ಗಣಿ ಕಾರ್ಮಿಕರ ಸಭಾಂಗಣದ ಸಂಜೆ ತರಗತಿಗೆ ಸೇರಿ ವೆಲ್ಷ್ ಕಲಿಯುತ್ತಿದ್ದರು. ನೀನು ಹುಟ್ಟಿದ ದಿನ ತೊಟ್ಟಿಲಿಗೆ ಬಗ್ಗಿ, ಬ್ಯಾರಿ ಬಂದರಿನ ಆ ದನಿಯಲ್ಲಿ, ಕೊನೆಯ ಪುಟದ ವಾಕ್ಯ ಹೇಳಿದರು. ಮಂಚದ ಮೇಲಿಂದ ನಾನು ನಕ್ಕುಬಿಟ್ಟೆ. ಅವರು ಮತ್ತೆ ಆ ನೋಟ್‌ಬುಕ್ ತೆರೆಯಲಿಲ್ಲ. ನೀನು ಮೂವತ್ಮೂರರಲ್ಲಿ ಕ್ಲಾಸಿಗೆ ಹೋಗಿ ಮೊದಲ ವೆಲ್ಷ್ ಮಾತು ಕಲಿತೆ ಎಂದುಕೊಂಡಿದ್ದೀಯಲ್ಲ, ಅಲ್ಲ ಮಗಳೇ. ಈ ಲೋಕದಲ್ಲಿ ನಿನ್ನ ಕಿವಿಗೆ ಬಿದ್ದ ಮೊದಲ ಮಾತೇ ವೆಲ್ಷ್: "ಬಾ ಪುಟ್ಟಿ, ನಾನು ನಿನ್ನ ಅಪ್ಪ."