ಏನಿಲ್ಲಬೇ, ಸುಮ್ನ ಬಂದೆ

ಬಿಸಿಲುಮಾಸದ ಎಂಟನೆಯ ದಿನ, ಇಸವಿ ೨೧೭೪

ಏ ಶೈಲಶ್ರೀ, ಆ ಕೀಲಿಮಣೆ ಬಿಟ್ಟು ಇತ್ತ ನೋಡು. ಮೊದಲ ಸಾಲು ಓದಿ, ಉಳಿದದ್ದನ್ನು ನಿನ್ನ ಯಂತ್ರದ ಬಾಯಿಗೆ ಹಾಕಿ "ಇದರ ಸಾರ ಹೇಳು" ಅಂದೀಯೆ, ಜೋಕೆ! ಪೂರ್ತಿ ನೀನೇ ಓದಬೇಕು. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜಿಯನ್ನು ಹಡೆದವಳು. ಆದರೆ ಕಾಲದ ಹಿಂದಕ್ಕೆ ಕಳಿಸಿದ ಈ ಓಲೆ ನಿನ್ನ ಕೈ ಸೇರುವ ದಿನ ನಿನಗೆ ಇಪ್ಪತ್ತಾರು, ನನಗೆ ಬಾಯಲ್ಲಿ ಹಲ್ಲಿಲ್ಲ. ಹಾಗಾಗಿ ನಾನೇ ಹಿರಿಯಳು, ಬೈಯುವ ಹಕ್ಕೂ ನನ್ನದೇ.

ಬಿಸಿಲುಮಾಸ ನಿನಗೆ ತಿಳಿಯದು. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ನಾವು ಸೇರಿಸಿಕೊಂಡ ಹದಿಮೂರನೆಯದು ಅದು. ಊರ ಶಾಲೆಯಲ್ಲಿ ನಾಲ್ಕನೆಯ ತರಗತಿತನಕ ಓದಿದವಳು ನಾನು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಬಿಸಿಲಿಗೆ ನಾವು ನೆಲದೊಳಗಿನ ತಂಪುಗೂಡುಗಳಲ್ಲಿ ಇರುತ್ತೇವೆ, ಜೋಳ ತುಂಬುವ ಹಗೇವಿನಂಥವು. ಒಬ್ಬರ ಮನೆಗೆ ಒಬ್ಬರು ಹೋಗುವಂತಿಲ್ಲ. ಹರಟೆಯೆಲ್ಲ ತೆರೆಯ ಮೇಲಿನ ಕಟ್ಟೆಯಲ್ಲಿ. ನೀವು ಆನ್‌ಲೈನ್ ಗುಂಪು ಅನ್ನುತ್ತೀರಲ್ಲ, ಅದೇ. ಅಲ್ಲಿ ದಿನವಿಡೀ ಆಡಿದ ಮಾತನ್ನು ಹಿಂಡಿ ನಾಲ್ಕು ಸಾಲು ಮಾಡಿಕೊಡುವ ಯಂತ್ರವೇ ಹಿಂಡುಗ. ಅದರ ವಂಶ ಕೇಳಿದರೆ ಕೊನೆಗೆ ನಿನ್ನ ಹೆಸರು, ನೀನು ಈಗ ಕಟ್ಟುತ್ತಿರುವ ಯಂತ್ರದ ಹೆಸರು ಹೇಳುತ್ತದೆ.

ಮೊದಮೊದಲು ನಗುವೇ ಆಗಿತ್ತು. ಬದನೆ ಎಣ್ಣೆಗಾಯಿಗೆ ಗುರೆಳ್ಳು ಹಾಕಬೇಕೋ ಬೇಡವೋ ಎಂದು ವಾರಗಟ್ಟಲೆ ಜಗಳ. "ನಿನ್ನ ಎಣ್ಣಿಗಾಯಿ ತಿಂದ ಮ್ಯಾಲೆನ ನಿನ್ನ ಗಂಡ ಉಪಾಸ ಹಿಡದಾನ ಬೇ" ಎಂದು ನೆರೆಯ ನೀಲವ್ವ ನನಗೇ ಅಂದಳು. ಹಿಂಡುಗ ಬರೆದದ್ದು: "ಅಡುಗೆಯ ಬಗ್ಗೆ ಭಿನ್ನಾಭಿಪ್ರಾಯವಿದೆ." ಬಿದ್ದು ಬಿದ್ದು ನಕ್ಕೆವು. ಬರಬರುತ್ತ ಎಲ್ಲರೂ ಸಾರ ಮಾತ್ರ ಓದತೊಡಗಿದೆವು.

ನನ್ನ ತಂಗಿ ಕಲ್ಲವ್ವ, ನಿನ್ನದೇ ಕುಡಿ, ಕಷ್ಟವನ್ನು ಬಾಯಿಬಿಟ್ಟು ಹೇಳುವವಳಲ್ಲ. ನಮ್ಮ ಕಡೆ ಯಾರು ಹೇಳುತ್ತಾರೆ? ಬಾಗಿಲಲ್ಲಿ ನಿಂತು "ಏನಿಲ್ಲಬೇ, ಸುಮ್ನ ಬಂದೆ" ಅನ್ನುತ್ತಾರೆ. ಆಗ ಒಳಗಿದ್ದವಳು ಕೈಯೊಳಗಿನ ಕೆಲಸ ಬಿಟ್ಟು ಚಹಾಕ್ಕೆ ಇಡಬೇಕು, ಪಕ್ಕದಲ್ಲಿ ಕೂಡಬೇಕು; ಮಾತು ತಾನೇ ಹೊರಬರುತ್ತದೆ. ಮನೆಬಾಗಿಲು ಮುಚ್ಚಿದ ಮೇಲೆ ಆ ರೂಢಿ ಕಟ್ಟೆಗೆ ಬಂದಿತ್ತು. ಕಲ್ಲವ್ವನ ಗೂಡಿನ ತಂಪುಯಂತ್ರ ಕೆಟ್ಟಿತ್ತು, ಎದೆ ನೋಯುತ್ತಿತ್ತು; ನಮಗೆ ತಿಳಿದದ್ದು ಆಮೇಲೆ. ದಿನಾ ಸಂಜೆ ಬಂದು ಬರೆದಳು: "ಏನಿಲ್ಲಬೇ, ಸುಮ್ನ ಬಂದೆ." ಹಿಂಡುಗ ನಮಗೆ ಕೊಟ್ಟದ್ದು: "ಇಂದು ವಿಶೇಷವೇನೂ ಇಲ್ಲ."

ಅದು ಸುಳ್ಳು ಹೇಳಲಿಲ್ಲ ನೋಡು, ನನ್ನ ಸಂಕಟವೇ ಅದು. ಅವಳು ಏನಿಲ್ಲ ಅಂದಳು, ಅದೂ ಏನಿಲ್ಲ ಅಂದಿತು. ಕೊನೆಗೆ ಅವಳ ಸುಳಿವೇ ಇಲ್ಲವೆಂದು ಬಾಗಿಲು ಒಡೆದು ಒಳಹೊಕ್ಕಾಗ ಅವಳ ಉಸಿರು ನಿಂತಿತ್ತು, ತೆರೆ ಇನ್ನೂ ಬೆಳಗುತ್ತಿತ್ತು. ಅವಳ ಕೊನೆಯ ಸಾಲಿನ ಕೆಳಗೆ ಒಬ್ಬರೂ "ಬಾ ಬೇ, ಕೂಡು" ಅಂದಿರಲಿಲ್ಲ.

ಆ ಯಂತ್ರ ಕಟ್ಟಬೇಡ ಅನ್ನುವುದಿಲ್ಲ, ಅದು ನಿನ್ನ ಅನ್ನ. ಆದರೆ "ವಿಷಯವಿಲ್ಲದ ಮಾತು ಬಿಟ್ಟುಬಿಡು" ಎಂದು ಈಗ ಅದಕ್ಕೆ ಕಲಿಸುತ್ತಿದ್ದೀಯಲ್ಲ, ಆ ಸಾಲು ಅಳಿಸು. ಯಾರಾದರೂ ಏನಿಲ್ಲ ಅಂದರೆ ಅದನ್ನೇ ಎಲ್ಲಕ್ಕಿಂತ ಮೇಲೆ ಬರೆಯಲಿ, ಹೆಸರು ಸಮೇತ. ಆಗ ನನ್ನ ಕಲ್ಲವ್ವ ಉಳಿದಾಳು.

ಬರುವ ತಿಂಗಳು ಹುಟ್ಟುವುದರೊಳಗೆ ನಿನ್ನ ಕೈಯಾರೆ ಉತ್ತರ ಬರೆ. ಬರೆಯಲು ಏನೂ ತೋಚದಿದ್ದರೆ "ಏನಿಲ್ಲಜ್ಜಿ, ಸುಮ್ನ ಬರದೆ" ಅನ್ನು. ನಾನು ಚಹಾಕ್ಕೆ ಇಡುತ್ತೇನೆ.

ಬಸಲಿಂಗವ್ವ