ಅಪ್ಪನ ವಾಚಿನ ಬೆನ್ನು

ಫೆಬ್ರವರಿ 5, 1962. ಸೋಮವಾರ

ಪೂಜೆ ಮುಗಿಯಿತು. ಕೊರಳ ಲಿಂಗದ ಬೆಳ್ಳಿ ಕರಡಿಗೆಗಳನ್ನು ವಿಭೂತಿ ಹಾಕಿ ತಿಕ್ಕಿದೆ — ನಮ್ಮವರದು, ನನ್ನದು. ಕೊನೆಗೆ ಅಪ್ಪನ ಬೆಳ್ಳಿ ವಾಚು. ಅದಕ್ಕೂ ವಿಭೂತಿಯೇ. ಅವ್ವ ಹೋದ ಮೇಲೆ ಅಪ್ಪ ನಮ್ಮ ಮನೆ ಸೇರಿದರಲ್ಲ, ಆಗಿನಿಂದ ಪ್ರತಿ ಸೋಮವಾರ ಹೀಗೇ. "ವಾಚಿಗೂ ಒಂದು ದೀಕ್ಷೆ ಕೊಡ್ಸಿಬಿಡೇ" ಎಂದು ನಮ್ಮವರು ಇವತ್ತೂ ಗೇಲಿ ಮಾಡಿದರು. ಮಾಡಲಿ. ಹೊಳಪು ನೋಡಲು ಕಣ್ಣಿದ್ದರೆ ತಾನೆ.

ಸಂಜೆ ಚಂದ್ರು ಬಂದಿದ್ದ. ಇರುವವನೊಬ್ಬ ತಮ್ಮ, ಬಂದರೆ ಸಂತೋಷ — ಬಾಯಿ ಬಿಡುವ ತನಕ. ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು, ಹಳೇ ವಾಚು ಯಾಕೆ, ಮಾರೋಣ ಎಂದ.

"ಅದು ಫ್ಯಾಕ್ಟರಿ ದೊರೆ ಅಪ್ಪನ ಕೆಲಸ ಮೆಚ್ಚಿ ಹೆಸರು ಕೆತ್ತಿಸಿ ಕೊಟ್ಟಿದ್ದು ಕಣೋ!"

"ದೊರೆನೂ ಇಲ್ಲ ಗಿರೆನೂ ಇಲ್ಲ. ಗುಜರೀಲಿ ತಗಂಡಿರ್ತಾರೆ. ಅಪ್ಪ ಹೇಳಿದ್ದೆಲ್ಲ ನಂಬ್ತೀಯಲ್ಲ ಅಕ್ಕ, ನೀನೊಬ್ಳು."

ಮೈಯೆಲ್ಲ ಉರಿದುಹೋಯಿತು. ಕಾಫಿ ಕೂಡ ಕೊಡದೆ ಕಳಿಸಿದೆ. ಅಪ್ಪ ಸುಳ್ಳುಗಾರ ಎಂದಂತೆ ತಾನೆ ಅದು? ವಾಚು ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ... ತಿಳಿದವರ ಬಾಯಿಂದಲೇ ಹೇಳಿಸುತ್ತೇನೆ.

ಫೆಬ್ರವರಿ 8, ಗುರುವಾರ. ಮಧ್ಯಾಹ್ನ

ಗಾಂಧಿ ಬಜಾರಿನ ವಾಚ್ ರಿಪೇರಿ ಪುಟ್ಟಣ್ಣನ ಹತ್ತಿರ ಹೋಗಿಬಂದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ನಾನೋ, ಡಾಕ್ಟರ ಮುಂದೆ ಕೂತ ಹಾಗೆ ಕೂತಿದ್ದೆ.

"ಅಸಲಿ ಮಾಲು ಕಣಮ್ಮ. ಸ್ವಿಸ್ ಮಷೀನು, ಒಳಗೆ ಹದಿನೈದು ಕೆಂಪುಕಲ್ಲು ಕೂರಿಸಿದಾರೆ. ಕೇಸು ಬೆಳ್ಳೀದೇ, ಒಳಗೆ ಮುದ್ರೆ ಇದೆ ನೋಡಿ. ಪಟ್ಟಿ ಹಾಕೋಕೆ ಹಿಂಗೆ ತಂತಿ ಬೆಸೆದಿದಾರಲ್ಲ, ಇದು ಮೊದಲ್ನೇ ಲಡಾಯಿ ಟೈಮಿಂದು. ಇಂಥದ್ದು ಗುಜರೀಲಿ ಎಲ್ಲಿ ಸಿಗತ್ತೆ?"

ಆಹಾ! ಚಂದ್ರು ಅಲ್ಲಿರಬೇಕಿತ್ತು.

ಬೆಲೆ ಕೇಳಿದೆ. "ಬರೀ ವಾಚು ಅಂದ್ರೆ ನೂರರ ಆಸುಪಾಸು. ದೊರೆ ಕೊಟ್ಟಿದ್ದು ಅಂತೀರಲ್ಲ, ಅದಕ್ಕೆ ಗುರುತಿದ್ರೆ ಇಷ್ಟಪಟ್ಟು ಜಾಸ್ತಿ ಕೊಡೋರೂ ಇದಾರೆ. ಎಲ್ಲಿ ಹೆಸರು?"

"ಹಿಂದುಗಡೆ. ಇಂಗ್ಲಿಷಲ್ಲಿ."

ತಿರುಗಿಸಿ ತೋರಿಸಿದ. ಏನೂ ಇಲ್ಲ. ಬೋಳು.

"ಏನು ಹಾಕಿ ಉಜ್ತೀರಮ್ಮ?"

"ವಿಭೂತಿ. ವಾರ ವಾರ."

"ಅಯ್ಯೋ ಮಾರಾಯ್ರೆ! ಬೆಳ್ಳಿ ಮೆತ್ತಗಿನ ವಸ್ತು. ತೆಳ್ಳಗೆ ಕೆತ್ತಿದ್ದು ಉಳಿಯತ್ತಾ?"

ಈ ಕೈಗೆ ಏನು ಬಂದಿತ್ತು. ಚಿಕ್ಕವಳಿದ್ದಾಗ ಆ ಅಕ್ಷರಗಳ ಮೇಲೆ ಉಗುರು ಆಡಿಸಿದ್ದು ಚೆನ್ನಾಗಿ ನೆನಪಿದೆ. ನನಗೆ ಇಂಗ್ಲಿಷ್ ಬಾರದು. "ಅದು ನನ್ನ ಹೆಸರು ಕಣವ್ವ" ಎಂದು ಅಪ್ಪನೇ ಹೇಳಿದ್ದು. ಅಪ್ಪನ ಮಾನಕ್ಕಿದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಅಳಿಸಿಹಾಕಿದೆ. ಭಕ್ತಿಯಂತೆ ಭಕ್ತಿ!

ಫೆಬ್ರವರಿ 9

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 19, ಸೋಮವಾರ

ವಾಚು ಮುಟ್ಟಲಿಲ್ಲ. ಹೋದ ಸೋಮವಾರವೂ ಇಲ್ಲ. ಇನ್ನು ತಿಕ್ಕಿದರೆಷ್ಟು, ಬಿಟ್ಟರೆಷ್ಟು.

ಚಂದ್ರುವಿಗೆ ನಡೆದದ್ದು ಹೇಳಿದೆ. "ಇದ್ದಿದ್ರೆ ತಾನೆ ಅಕ್ಕ, ಅಳಿಸೋಕೆ" ಎಂದ. ಅವನ ಎದುರೇ ಅತ್ತುಬಿಟ್ಟೆ. ನಮ್ಮವರೇ ಒಂದು ದಾರಿ ತೋರಿಸಿದರು. ಅಪ್ಪನ ಜೊತೆ ಅದೇ ಫ್ಯಾಕ್ಟರಿಯ ಎರಕದ ಫೌಂಡ್ರಿಯಲ್ಲಿ ದುಡಿದ ಭೈರಪ್ಪನವರು ಭದ್ರಾವತಿಯಲ್ಲಿ ಇನ್ನೂ ಇದ್ದಾರಂತೆ. "ಅವರ ಕಣ್ಣೆದುರೇ ಕೊಟ್ಟಿರ್ಬೇಕು ಕಣೇ. ಅವರೊಂದು ಮಾತು ಹೇಳಿದ್ರೆ ನಿನ್ನ ತಮ್ಮ ತೆಪ್ಪಗಾಗ್ತಾನೆ."

ಹೌದಲ್ಲ! ಭಾನುವಾರ ಹೊರಡುತ್ತೇನೆ. ಚಂದ್ರುವನ್ನು ಕರೆದೆ, ಬರುವುದಿಲ್ಲವಂತೆ. ಬೇಡ.

ಫೆಬ್ರವರಿ 25, ಭಾನುವಾರ. ಸಂಜೆ

ಈಗ ತಾನೆ ರೈಲಿಳಿದು ಬಂದೆ. ಸೀರೆ ಕೂಡ ಬದಲಾಯಿಸಿಲ್ಲ.

ಭೈರಪ್ಪನವರ ಮನೆ ಹಳೇನಗರದಲ್ಲಿ. ಸೊಸೆ ದುರ್ಗಮ್ಮ ಬಾಗಿಲು ತೆಗೆದಳು. ಮಾವನಿಗೆ ಪೊರೆ ಬಂದು ಎರಡೂ ಕಣ್ಣು ಹೋಗಿವೆ ಎಂದಳು. ಯಾರ ಮಗಳೆಂದು ಹೇಳಿದ್ದೇ ತಡ, ಮುದುಕರು ಎದ್ದು ಕೂತರು.

"ಶಂಕ್ರಪ್ಪನ ಮಗಳಾ! ಬಾ ತಾಯಿ, ಬಾ."

ವಾಚಿನ ಮಾತು ತೆಗೆದೆ. ದೊರೆ ಅಪ್ಪನಿಗೆ ಅದನ್ನು ಕೊಟ್ಟಾಗ ನೀವಿದ್ದಿರಾ ಎಂದು ಕೇಳಿದೆ. ನಕ್ಕರು.

"ಇರದೆ ಏನು? ಕೊಟ್ಟಿದ್ದು ನನಗೇ ಅಲ್ವಾ. ದೊರೆ ಊರಿಗೆ ಹೋಗ್ವಾಗ ನನ್ನ ಹೆಸರು ಹಾಕ್ಸಿ ಕೊಟ್ಟ. ನಿಮ್ಮಪ್ಪ ಹೊಳೆಹೊನ್ನೂರಿಗೆ ನಿಮ್ಮವ್ವನ್ನ ನೋಡೋಕೆ ಹೊರಟಿದ್ದ. ಹೆಣ್ಣು ನೋಡೋಕೆ ಬರಿಗೈಲಿ ಹೋಗ್ತಾರೇನೋ ಅಂತ ನಾನೇ ಕಟ್ಟಿ ಕಳಿಸ್ದೆ. ಅಲ್ಲಿ ನಿಮ್ಮ ತಾತ, ಎಲ್ಲೀದು ಅಂದ್ರಂತೆ. ದೊರೆ ಕೊಟ್ಟಿದ್ದು ಅಂದ್ಬಿಟ್ಟ. ಮದುವೆ ಆಯ್ತು. ಆಮೇಲೆ ಬಿಚ್ಚೋದು ಹೆಂಗೆ? ಮಾವನ ಮನೇಲಿ ಮರ್ಯಾದೆ ಹೋಗತ್ತಲ್ಲ! ಇರ್ಲಿ ಬಿಡು ಅಂದೆ. ನಿಮ್ಮವ್ವ ಇರೋ ತನಕ ಕೇಳಬಾರದು ಅನ್ಕಂಡೆ. ಆಮೇಲೆ ಅವನು ನಿನ್ನ ಮನೆ ಸೇರ್ದ."

ಒಂದಿಷ್ಟಾದರೂ ಸಿಟ್ಟು ಇರಬೇಕಿತ್ತು ಆ ದನಿಯಲ್ಲಿ. ಇರಲಿಲ್ಲ.

ಸೋಮವಾರ ಸೋಮವಾರ ಅಪ್ಪ ಮಂಚದ ಮೇಲೆ ಕೂತು ನಾನು ತಿಕ್ಕುವುದನ್ನೇ ನೋಡುತ್ತಿದ್ದರು. "ಹಿಂದುಗಡೆ ಇನ್ನೂ ಚೂರು ಉಜ್ಜವ್ವ" ಎನ್ನುತ್ತಿದ್ದರು. ಕೊಳೆ ಉಳಿದಿದೆಯೇನೋ ಎಂದು ಉಜ್ಜುತ್ತಿದ್ದೆ. ಅಪ್ಪಾ, ಎಂಥ ಕೆಲಸ ಮಾಡಿಸಿದಿರಿ ನನ್ನ ಕೈಲಿ! ಹಿಂದಕ್ಕೆ ಕೊಡಿ ಅಂದಿದ್ದರೆ ನಾನೇ ಬಂದು ಕೊಡುತ್ತಿರಲಿಲ್ಲವೇ? ಅಕ್ಷರ ಇರುವಾಗಲೇ...

ವಾಚನ್ನು ಭೈರಪ್ಪನವರ ಕೈಗಿಟ್ಟೆ. ನಿಮ್ಮದು, ಇಟ್ಟುಕೊಳ್ಳಿ ಅಂದೆ.

"ಟೈಮ್ ನೋಡೋಕೆ ಕಣ್ಣೆಲ್ಲಿದೆ ತಾಯಿ? ನೀನೇ ಇಟ್ಕೋ. ಹೆಸರು ಒಂದ್ಸಲ ಮುಟ್ಟಿ ನೋಡ್ತೀನಿ, ಸಾಕು. ನನ್ನ ಹೆಸರು ಯಾರಾದ್ರೂ ಪ್ರೀತಿಯಿಂದ ಬರೆಸಿದ್ದು ಅಂದ್ರೆ ಅದೊಂದೇ."

ತಿರುಗಿಸಿ ಹೆಬ್ಬೆರಳು ಆಡಿಸಿದರು. ಆ ಕಡೆ, ಈ ಕಡೆ. ಫೌಂಡ್ರಿಯಲ್ಲಿ ದಡ್ಡುಗಟ್ಟಿದ ಬೆರಳು. ಮತ್ತೆ ಆಡಿಸಿದರು.

"ಬೆರಳೂ ಸತ್ತೋಗಿದೆ ನೋಡು, ಏನೂ ಗೊತ್ತಾಗ್ತಿಲ್ಲ. ಇದೆ ಅಲ್ವಾ?"

"ಇದೆ" ಅಂದೆ.

"ಹಂಗಾದ್ರೆ ಓದಿ ಹೇಳು, ಕೇಳ್ತೀನಿ."

ವಾಚನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದೆ. ಅವರು ಕಿವಿ ಈಚೆ ಮಾಡಿ ಕೂತರು. "ಭೈ..." ಅಂದೆ. "ರ..."