ಮೈದಾನದ ಕೊನೆಯ ಮೇಜು

ಫಿಲಡೆಲ್ಫಿಯಾ, ಜುಲೈ ೪, ೧೭೮೮, ಶುಕ್ರವಾರ

ಪ್ರಿಯ ತಂಗಿ ಶಿಫ್ರಾಳಿಗೆ, ಅಬ್ರಹಾಮನ ದೇವರು ನಿನ್ನನ್ನೂ ಮಕ್ಕಳನ್ನೂ ಕಾಯಲಿ.

ಹೊಸ ಸಂವಿಧಾನ ಅಂಗೀಕೃತವಾದ ಸಂಭ್ರಮಕ್ಕೆ ಇಂದು ಇಲ್ಲಿ ಮಹಾ ಮೆರವಣಿಗೆ. ಯಾವ ಹುದ್ದೆಗೂ ಧರ್ಮವನ್ನು ಕೇಳಕೂಡದೆಂದು ಅದರಲ್ಲಿ ಬರೆದಿದೆ. ಆದರೆ ಯೆಹೂದ್ಯರಾದ ನಾವು ಅದನ್ನು ನಂಬಿ ಇಲ್ಲೇ ಉಳಿಯುವುದೇ, ಮನೆ ಮಾರಿ ಹಡಗು ಹತ್ತುವುದೇ ಎಂಬ ನಿನ್ನ ಪ್ರಶ್ನೆಯನ್ನು ಹೊತ್ತು ನಾನು ಬೀದಿಯಂಚಿನಲ್ಲಿ ನಿಂತಿದ್ದೆ.

ಕ್ರೈಸ್ತ ಪಾದ್ರಿಯೊಬ್ಬರು ಬಂದು ನನ್ನ ತೋಳು ಹಿಡಿದರು. "ಬನ್ನಿ ಯಜಮಾನ್ರೇ, ಬಿಸಿಲಿಗೆ ನಮ್ಮ ಪಾದ್ರಿಗಳೇ ತೂರಾಡ್ತಿದಾರೆ, ನೀವೇ ಆಸರೆ!"

"ನಡೆಯೋಕೆ ಬರ್ತೀನಿ, ಊಟಕ್ಕೆ ಮಾತ್ರ ಎಳೀಬೇಡಿ, ನಮ್ಮ ಶಾಸ್ತ್ರದಂತೆ ಮಾಡದ ಅಡುಗೆ ನಾವು ಮುಟ್ಟೋ ಹಾಗಿಲ್ಲ," ಎಂದೆ.

ತೋಳಿಗೆ ತೋಳು ಸೇರಿಸಿ ಮೈದಾನದವರೆಗೂ ನಡೆದೆವು. ಅಲ್ಲಿ ಔತಣಕ್ಕೆಂದು ಇಡೀ ಎತ್ತುಗಳನ್ನು ಸುಡುತ್ತಿದ್ದುದನ್ನು ಕಂಡು ನಾನು ಮೆಲ್ಲನೆ ಹಿಂದಿರುಗಿದೆ. ಅಡುಗೆಯವಳು ಕೂಗಿದಳು: "ಎಲ್ಲಿಗೆ ಓಡ್ತೀರಿ ತಾತಾ? ಆ ಕೊನೇ ಮೇಜು ನಿಮ್ಮದು. ನಿಮ್ಮೋರೇ ಬಡಿಸಿರೋದು, ನಮ್ಮ ಚಾಕು ಸೋಕಿಲ್ಲ!"

ಮೀನು, ರೊಟ್ಟಿ, ಬಾದಾಮಿ ತೃಪ್ತಿಯಾಗಿ ಉಂಡೆ. ಜೊತೆಯಲ್ಲಿ ನಡೆಸಿಕೊಂಡು, ಒಂದೇ ತಟ್ಟೆಯಲ್ಲಿ ಉಣ್ಣೆಂದು ಬಲವಂತಪಡಿಸದ ಜನರನ್ನು ನಾನು ಈವರೆಗೆ ಕಂಡಿರಲಿಲ್ಲ. ನಮ್ಮ ಪ್ರಾಂತದ ಶಾಸನಸಭೆ ತನ್ನ ಸದಸ್ಯರಿಂದ ಇನ್ನೂ ಕ್ರೈಸ್ತ ಪ್ರಮಾಣವನ್ನೇ ಕೇಳುತ್ತದೆ, ಬಲ್ಲೆ.

ಮಂಡಿನೋವು ತಗ್ಗಿದೆ. ಸೂರ್ಯ ಇಳಿಯುತ್ತಿದ್ದಾನೆ, ಸಬ್ಬತ್ತಿನ ವಿಶ್ರಾಂತಿ ಆರಂಭವಾದರೆ ಲೇಖನಿ ಹಿಡಿಯುವಂತಿಲ್ಲ. ಆದ್ದರಿಂದ ಇಷ್ಟೇ: ಮನೆ ಮಾರಬೇಡ.

ನಿನ್ನ ಅಣ್ಣ,
ಎಲ್ಯಾಕೀಮ್